ಗ್ಲೆನ್ ಒಂದೇ ಸಲ ಕೇಳಿದ

ಆ ಶನಿವಾರ ಆ ಮಾತು ನಡೆದಾಗ ಹತ್ತಿರ ಇದ್ದವರು ನಾಲ್ಕೇ ಜನ. ನೀಲಕ್ಕ, ಅವರ ಯಜಮಾನರು ಶೇಖರಪ್ಪ, ಗ್ಲೆನ್, ಮತ್ತೆ ಖಾಲಿ ಚೀಲ ಹಿಡಿದುಕೊಂಡು ನಾನು.

ಜಾಗ ಸಿಯಾಟಲ್ ಪಕ್ಕದ ರೆಂಟನ್. ಅಲ್ಲೊಂದು ಸಮುದಾಯ ತೋಟವಿದೆ. ಮನೆಗೆ ಹಿತ್ತಿಲಿಲ್ಲದವರಿಗೆ, ಹಿತ್ತಿಲಿದ್ದರೂ ಬಿಸಿಲಿಲ್ಲದವರಿಗೆ ಒಂದೊಂದು ಪಾತಿ ಹಂಚಿಕೊಡುತ್ತಾರೆ. ಅಕ್ಕಪಕ್ಕದ ಪಾತಿಗಳಲ್ಲಿ ಟೊಮ್ಯಾಟೊ, ಕೇಲ್ ಸೊಪ್ಪು, ಡೇಲಿಯಾ ಹೂ. ನೀಲಕ್ಕನ ಪಾತಿಯಲ್ಲಿ ಮೆಂತ್ಯ, ಸಬ್ಬಸಿಗೆ, ಪುಂಡಿ, ಎಲ್ಲಕ್ಕಿಂತ ಮುಖ್ಯವಾಗಿ ಹಕ್ಕರಕಿ. (ಬೀಜ ಎಲ್ಲಿಂದ ಬಂತು ಎಂದು ಕೇಳಬೇಡಿ. ನಾನೂ ಕೇಳಿಲ್ಲ.)

ಹಕ್ಕರಕಿ ಗೊತ್ತಿಲ್ಲದವರಿಗೆ ಒಂದು ಮಾತು. ಅದು ಉತ್ತರ ಕರ್ನಾಟಕದ ಸೊಪ್ಪು. ಒಗ್ಗರಣೆ ಬೇಡ, ಬೇಯಿಸುವುದು ಬೇಡ. ತೊಳೆದು, ನೀರು ಜಾಡಿಸಿ, ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಜೊತೆ ಹಸಿಯಾಗಿಯೇ ತಿನ್ನುವುದು. ಸಿಯಾಟಲ್ ಸುತ್ತಮುತ್ತ ಇಂಡಿಯನ್ ಅಂಗಡಿಗಳಲ್ಲಿ ಈಗ ಏನು ಬೇಕಾದರೂ ಸಿಗುತ್ತದೆ, ಇದೊಂದು ಸಿಗುವುದಿಲ್ಲ. ಗದಗಿನ ಕಡೆಯವರಾದ ನೀಲಕ್ಕನಿಗೆ ಇದಿಲ್ಲದಿದ್ದರೆ ಊಟ ಮಾಡಿದ ಹಾಗೆ ಆಗುವುದಿಲ್ಲ. ವಾರಕ್ಕೊಮ್ಮೆ ಹತ್ತಾರು ಮನೆಗಳಿಗೆ ಅವರ ಕೈಯಿಂದ ಸೊಪ್ಪು ಹೋಗುತ್ತದೆ. ದೂರದ ಬಾಥೆಲ್‌ನಿಂದ ಬಂದು ಒಯ್ಯುವವರೂ ಇದ್ದಾರೆ.

ನನ್ನ ಮನೆ ಸಮಾಮಿಶ್‌ನಲ್ಲಿ. ನಮಗೆ ಹಿತ್ತಿಲಿದೆ, ಆದರೆ ಅದು ಜಿಂಕೆಗಳದ್ದು. ನಾವು ನೆಡುತ್ತೇವೆ, ಅವು ಬಂದು ಊಟ ಮುಗಿಸಿ ಹೋಗುತ್ತವೆ. ಅದಕ್ಕೇ ಖಾಲಿ ಚೀಲ.

ಅಕ್ಟೋಬರ್ ಮುಗಿಯುತ್ತಿತ್ತು. ಕೊನೆಯ ಸೊಪ್ಪು ಕಿತ್ತು, ನೆಲದ ಮೇಲೆ ಒಣ ಎಲೆ ಹೊದಿಸಿ, ಪಾತಿಯನ್ನು ಚಳಿಗಾಲಕ್ಕೆ ಮಲಗಿಸುವ ಕೆಲಸ. ಆಗ ಗ್ಲೆನ್ ಬಂದ. ತೋಟದ ಉಸ್ತುವಾರಿ ಅವನದು, ಸಂಬಳವಿಲ್ಲದ ಕೆಲಸ. ಒಂದು ಕಾಲದಲ್ಲಿ ಸೈನ್ಯದಲ್ಲಿ ಸಾರ್ಜೆಂಟ್ ಆಗಿದ್ದವನು. (ವಯಸ್ಸಿನಲ್ಲಿ ನನಗಿಂತ ಹಿರಿಯ, ಬಹುವಚನದಲ್ಲಿ ಬರೆಯಬೇಕು. ಆದರೆ ಹೆಸರು ಹಿಡಿದೇ ಕೂಗು ಎಂದು ಅವನೇ ಹಟ ಮಾಡಿದ ಮೇಲೆ ಬಹುವಚನ ನಾಲಿಗೆಯ ಮೇಲೆ ನಿಲ್ಲುವುದಿಲ್ಲ.) ಈಮೇಲ್ ಮೇಲೆ ಅವನಿಗೆ ನಂಬಿಕೆ ಕಡಿಮೆ. ಪ್ರತಿ ವರ್ಷ ಈ ಹೊತ್ತಿಗೆ ಒಂದೊಂದೇ ಪಾತಿಯ ಹತ್ತಿರ ಹೋಗಿ ಬಾಯಲ್ಲೇ ಕೇಳುತ್ತಾನೆ.

"ಸೋ ನೀಲಾ, ಯು ರೀ-ಅಪ್ಪಿಂಗ್?"

ರೀ-ಅಪ್. ಮತ್ತೊಂದು ಅವಧಿಗೆ ಮುಂದುವರಿಯುತ್ತೀಯಾ ಎಂದು ಅರ್ಥ. ಸೈನ್ಯದಿಂದ ಬಂದ ಮಾತು. ಸೇವೆಯ ಅವಧಿ ಮುಗಿದ ಸಿಪಾಯಿ ಮನೆಗೆ ಹೋಗದೆ ಮತ್ತೆ ಸಹಿ ಹಾಕಿದರೆ ಅವನು ರೀ-ಅಪ್ ಆದ. ಅಲ್ಲಿಂದ ಹೊರಬಿದ್ದ ಈ ಪದ ಈಗ ಊರೆಲ್ಲ ಓಡಾಡುತ್ತಿದೆ. ನಮ್ಮ ಆಫೀಸಿನಲ್ಲಿ ಗುತ್ತಿಗೆಯ ಮೇಲಿದ್ದ ಹುಡುಗನೊಬ್ಬನನ್ನು ಇನ್ನೊಂದು ವರ್ಷ ಇಟ್ಟುಕೊಂಡಾಗ ಅವನನ್ನು ರೀ-ಅಪ್ ಮಾಡಿದರು ಎಂದರು. ಜಿಮ್ಮಿನವರು ಕೇಳುತ್ತಾರೆ, ಅಪಾರ್ಟ್‌ಮೆಂಟಿನವರು ಕೇಳುತ್ತಾರೆ. ಕಾಲೇಜಿನಲ್ಲಿರುವ ನನ್ನ ಮಗಳು ಇಳಾ, ಡಬ್ಬಿಯಲ್ಲಿ ಚಕ್ಕುಲಿ ಮುಗಿದರೆ ಅದನ್ನೂ ರೀ-ಅಪ್ ಮಾಡಬೇಕು ಎನ್ನುತ್ತಾಳೆ. (ಇದನ್ನು ಕಲಿತು ನಾನು ಆಫೀಸಿನ ಅಡುಗೆಕೋಣೆಯಲ್ಲಿ, ಈ ವಾರ ನನ್ನ ಪುಡಿ ರೀ-ಅಪ್ ಮಾಡಬೇಕು ಎಂದೆ. ಕಾಫಿಪುಡಿ. ಸಹೋದ್ಯೋಗಿಗಳು ನನ್ನನ್ನು ನೋಡಿದ ರೀತಿಯೇ ಬೇರೆಯಾಗಿತ್ತು. ಆ ಮಾತು ಮಾದಕವಸ್ತು ಮಾರುವವರ ಬಾಯಲ್ಲೂ ಇದೆಯಂತೆ.)

ನೀಲಕ್ಕನಿಗೆ ಅರ್ಥವಾಗದೆ ಹೋಯಿತು ಎಂದುಕೊಳ್ಳಬೇಡಿ. ಅವರು ಈ ದೇಶಕ್ಕೆ ಬಂದು ಬಹಳ ಕಾಲವಾಯಿತು. ಶೇಖರಪ್ಪನವರು ವಿಮಾನದ ಕಾರ್ಖಾನೆಯಲ್ಲಿ ಎಂಜಿನಿಯರು. ಹಿಂದಿನ ವರ್ಷಗಳಲ್ಲೂ ಗ್ಲೆನ್ ಇದೇ ಪ್ರಶ್ನೆ ಕೇಳಿದ್ದ. ಆಗೆಲ್ಲ ಉತ್ತರ ಕೊಡುತ್ತಿದ್ದವರು ಶೇಖರಪ್ಪ. ಈ ಸಲ ಅವರು ಬಗ್ಗಿ ನೀರಿನ ಪೈಪು ಸುತ್ತುತ್ತಿದ್ದರು. ಹಾಗಾಗಿ ನೀಲಕ್ಕನೇ ಉತ್ತರಿಸಿದರು. ಮೆತ್ತಗೆ ನಕ್ಕು, ಸೆರಗಿನ ಬದಲು ಜಾಕೆಟ್ಟಿನ ತುದಿ ಸರಿಮಾಡಿಕೊಂಡು:

"ನೋ ನೋ ಗ್ಲೆನ್. ಗಿವ್ ಟು ಸಮ್‌ಬಡಿ ಎಲ್ಸ್."

ಗ್ಲೆನ್ ಟೋಪಿಯ ಅಂಚು ಮುಟ್ಟಿದ. ಸರಿ ಹಾಗಾದರೆ ಎಂದ. ಮುಂದಿನ ಪಾತಿಗೆ ಹೋದ.

ಇಲ್ಲಿ ನನ್ನ ಸ್ಥಿತಿ ನೋಡಿ. ನಾನು ಅಲ್ಲೇ ನಿಂತಿದ್ದೆ. ಶೇಖರಪ್ಪನವರೂ ಇದ್ದರು. ಇಬ್ಬರ ಕಿವಿಗೂ ಮಾತು ಬಿತ್ತು. ಇಬ್ಬರಿಗೂ ಏನೂ ಅನ್ನಿಸಲಿಲ್ಲ. ಯಾಕೆಂದರೆ ನಮಗೆ ಕೇಳಿಸಿದ್ದು 'ಹೌದು' ಎಂದೇ. ವಾಪಸು ಕಾರಿನ ತನಕ ನಡೆಯುವಾಗ ನೀಲಕ್ಕ, ಬರುವ ವರ್ಷ ಹಕ್ಕರಕಿಯನ್ನು ಬೇಲಿಯ ಕಡೆಗೆ ಹಾಕುತ್ತೇನೆ, ಅಲ್ಲಿ ನೆರಳು ಚೆನ್ನಾಗಿದೆ ಎಂದರು. ನಾನು ಹೂಂಗುಟ್ಟಿದೆ.

ಮಾರ್ಚ್ ತಿಂಗಳಲ್ಲಿ ನೀಲಕ್ಕನ ಫೋನ್ ಬಂತು.

ನೀಲಕ್ಕ ನೆಲ ಕೆದಕಲು ಹೋಗಿದ್ದಾರೆ. ಅವರ ಪಾತಿಯ ಸುತ್ತ ಹೊಸ ದಾರ ಕಟ್ಟಿದೆ. ಮೂಲೆಯಲ್ಲಿ ಯಾರದೋ ಗುಲಾಬಿ ಬಣ್ಣದ ಕೈಗವಸು. ಗ್ಲೆನ್‌ನನ್ನು ಕೇಳಿದರೆ, ನೀವು ಬೇಡ ಅಂದಿರಲ್ಲ, ಕಾಯುತ್ತಿದ್ದವರಿಗೆ ಕೊಟ್ಟೆ ಎಂದನಂತೆ.

"ತಮ್ಮಾ, ನೀ ಅಲ್ಲೇ ನಿಂತಿದ್ದಿ. ನೀನ ಹೇಳು. ಒಂದ್ಸಲ ಬ್ಯಾಡ ಅಂದ್ರ ಹೋಗೇ ಬಿಡೂದೇನು? ಇನ್ನೊಂದ್ಸಲ ಕೇಳಬಾರದೇನು ಮನಷ್ಯಾ?"

ಈ ಪ್ರಶ್ನೆಗೆ ನಿಮ್ಮಲ್ಲಿ ಯಾರ ಹತ್ತಿರವಾದರೂ ಉತ್ತರವಿದೆಯೇ?

ನಾವು ಬೆಳೆದ ಮನೆಗಳಲ್ಲಿ ಮೊದಲ 'ಬೇಡ'ಕ್ಕೆ ಬೆಲೆಯೇ ಇರಲಿಲ್ಲ. ಹೋಳಿಗೆ ಬಡಿಸಲು ಬಂದರೆ ಬೇಡ ಎನ್ನಬೇಕು. ಎಲೆಗೆ ಅಡ್ಡ ಕೈ ಹಿಡಿಯಬೇಕು, ಆದರೆ ಬೆರಳುಗಳ ನಡುವೆ ಒಂದು ಹೋಳಿಗೆ ಜಾರುವಷ್ಟು ಸಂದು ಬಿಡಬೇಕು. ಬಡಿಸುವವರು ಒತ್ತಾಯ ಮಾಡಬೇಕು. ಎರಡನೆಯ ಬೇಡ, ಎರಡನೆಯ ಒತ್ತಾಯ. ಆಮೇಲೆ ತಿನ್ನುವುದು. ಮೊದಲ ಸಲಕ್ಕೇ ಹೂಂ ಎಂದರೆ ಆಸೆಬುರುಕ. ಮೊದಲ ಸಲಕ್ಕೇ ಬಿಟ್ಟುಬಿಟ್ಟರೆ ಬಡಿಸುವವನು ಜಿಪುಣ. ನನಗೆ ಭಾಷೆ ಕಲಿಸಿದ್ದು ನನ್ನ ದೊಡ್ಡಮ್ಮ. ಅವಳ ನಿಘಂಟಿನಲ್ಲಿ ಬೇಡ ಎಂದರೆ 'ಇನ್ನೊಂದು ಸಲ ಕೇಳು' ಎಂದೇ ಅರ್ಥ.

ಈ ದೇಶಕ್ಕೆ ಬಂದ ಹೊಸದರಲ್ಲಿ ನನ್ನ ಮ್ಯಾನೇಜರ್ ಮನೆಗೆ ಊಟಕ್ಕೆ ಕರೆದಿದ್ದರು. ಆಲೂಗೆಡ್ಡೆಯ ಏನೋ ಒಂದು ಬಹಳ ರುಚಿಯಾಗಿತ್ತು. ಇನ್ನಷ್ಟು ಬೇಕೇ ಎಂದರು. ಬೇಡ ಎಂದೆ. ಪಾತ್ರೆ ನನ್ನ ಕಣ್ಣ ಮುಂದೆಯೇ ಎದ್ದು ಫ್ರಿಜ್ಜಿಗೆ ಹೋಯಿತು. ಆ ಫ್ರಿಜ್ಜಿನ ಬಾಗಿಲು ಮುಚ್ಚಿದ ಸದ್ದು ನನಗೆ ಇನ್ನೂ ನೆನಪಿದೆ.

ರಾತ್ರಿ ಚಪಾತಿ ಲಟ್ಟಿಸುತ್ತಿದ್ದ ಹೆಂಡತಿ ಸುಮಾಗೂ, ಮನೆಗೆ ಬಂದಿದ್ದ ಇಳಾಗೂ ನೀಲಕ್ಕನ ಕಥೆ ಹೇಳಿದೆ. ಸುಮಾ ಲಟ್ಟಣಿಗೆ ಕೆಳಗಿಟ್ಟು, ಅಯ್ಯೋ ಪಾಪ, ಅವನಿಗೆ ಅಷ್ಟೂ ಗೊತ್ತಾಗಲಿಲ್ಲವಾ ಎಂದಳು. ಇಳಾ ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿದಳು.

"ಅಪ್ಪಾ, ಡಿಡ್ ಶೀ ಸೇ ಯೆಸ್?"

ಇಲ್ಲ.

"ದೆನ್ ಹೌ ಈಸ್ ಇಟ್ ಗ್ಲೆನ್ಸ್ ಫಾಲ್ಟ್? ನೋ ಮೀನ್ಸ್ ನೋ. ಕಿಂಡರ್‌ಗಾರ್ಟನ್‌ನಲ್ಲೇ ಹೇಳ್ಕೊಡ್ತಾರೆ."

ಸುಮಾ ಮತ್ತೆ ಲಟ್ಟಣಿಗೆ ಎತ್ತಿಕೊಂಡಳು. ಮಗಳು ಹೇಳಿದ್ದು ಸರಿ. ಬೇಡ ಎಂದರೆ ಬೇಡ ಎಂದು ನಮ್ಮ ಕಡೆಯ ಗಂಡಸರಿಗೂ ಸ್ವಲ್ಪ ಬೇಗ ಕಲಿಸಿದ್ದರೆ ಚೆನ್ನಾಗಿತ್ತು. ಹೋಳಿಗೆಯ ನಿಯಮ ಹೋಳಿಗೆಗೇ ಇರಬೇಕು.

ಆದರೂ ಒಂದು ವಿಷಯ ನನ್ನನ್ನು ಕೊರೆಯುತ್ತಲೇ ಇತ್ತು. ಊರಿನಲ್ಲಿ ಹಾಲಿನವನು ಎಂದಾದರೂ ಬಂದು, ಬರುವ ವರ್ಷವೂ ಹಾಕಲೇ ಎಂದು ಕೇಳಿದ್ದುಂಟೆ? ಹೂ ಕಟ್ಟಿಕೊಡುವವಳು ಕೇಳಿದ್ದಳೆ? ಒಮ್ಮೆ ಶುರುವಾದರೆ ಮುಗಿಯಿತು, ಅವರ ಮಕ್ಕಳು ನಮ್ಮ ಮಕ್ಕಳಿಗೆ ಹಾಲು ಹಾಕುತ್ತಿದ್ದರು. ಅಲ್ಲಿ ನಿಲ್ಲಿಸುವುದಕ್ಕೆ ಬಾಯಿ ಬಿಡಬೇಕು. ಇಲ್ಲಿ ಮುಂದುವರಿಸುವುದಕ್ಕೆ ಬಾಯಿ ಬಿಡಬೇಕು. ಇಷ್ಟೇ ವ್ಯತ್ಯಾಸ. ಇಷ್ಟರಲ್ಲೇ ನೀಲಕ್ಕನ ಪಾತಿ ಹೋಯಿತು. (ಫೋನಿನ ಆ್ಯಪ್‌ನವರು ಮಾತ್ರ ಅಮೆರಿಕದಲ್ಲೂ ನಮ್ಮ ಹಾಲಿನವನ ಪದ್ಧತಿಯನ್ನೇ ಪಾಲಿಸುತ್ತಾರೆ. ಕೇಳುವುದೇ ಇಲ್ಲ, ದುಡ್ಡು ತೆಗೆದುಕೊಳ್ಳುತ್ತಾರೆ.)

ಮುಂದಿನ ಶನಿವಾರ ನೀಲಕ್ಕ ಮತ್ತು ಶೇಖರಪ್ಪನವರ ಜೊತೆ ನಾನೂ ತೋಟಕ್ಕೆ ಹೋದೆ. ಸಾಕ್ಷಿಗೆ ಅಂತ ಕರೆದಿದ್ದರು. ಸಾಕ್ಷಿ ನಮ್ಮ ವಿರುದ್ಧವೇ ಇದೆ ಎಂದು ಹೇಳುವ ಧೈರ್ಯ ನನಗಿರಲಿಲ್ಲ.

ಗ್ಲೆನ್ ಉಪಕರಣಗಳ ಕೋಣೆಯ ಮುಂದೆ ಸಲಿಕೆ ಒರೆಸುತ್ತಿದ್ದ. ನಮ್ಮ ಪದ್ಧತಿಯನ್ನು ಅವನಿಗೆ ವಿವರಿಸಿದೆ. ಗಮನವಿಟ್ಟು ಕೇಳಿದ. ಆಮೇಲೆ ಸಾರ್ಜೆಂಟನ ಹಾಗೆ ಒಂದೊಂದೇ ಪ್ರಶ್ನೆ ಹಾಕಿದ. ಹಾಗಾದರೆ ನಿಮ್ಮಲ್ಲಿ ನೋ ಎಂದರೆ ಯೆಸ್ ಎಂದೇ? ಯಾವಾಗಲೂ ಅಲ್ಲ, ಎಂದೆ. ಗೊತ್ತಾಗುವುದು ಹೇಗೆ? ಹೇಳುವ ರೀತಿಯ ಮೇಲೆ. ಆವತ್ತು ಯಾವ ರೀತಿ ಹೇಳಿದರು? ಮೆತ್ತಗೆ. ನಿಜವಾಗಿ ಬೇಡದಿದ್ದರೆ ಹೇಗೆ ಹೇಳುತ್ತಾರೆ?

ಇದಕ್ಕೆ ಶೇಖರಪ್ಪನವರೇ ಉತ್ತರ ಕೊಟ್ಟರು. ನಿಜವಾಗಿ ಬೇಡದಿದ್ದರೆ ಮಾತಾಡುವುದೇ ಇಲ್ಲ, ಇದು ನನ್ನ ಸಂಸಾರದ ಅನುಭವ, ಎಂದರು ಇಂಗ್ಲಿಷಿನಲ್ಲಿ. ನೀಲಕ್ಕ ಮಾತಾಡಲಿಲ್ಲ. ಶೇಖರಪ್ಪನವರು ಎರಡು ಹೆಜ್ಜೆ ಹಿಂದೆ ಸರಿದರು.

ಗ್ಲೆನ್‌ಗೆ ಬೇಸರವಾದದ್ದು ನಿಜ. ಆದರೆ ಕೊಟ್ಟದ್ದನ್ನು ಕಿತ್ತುಕೊಳ್ಳಲು ಆಗುವುದಿಲ್ಲ ಎಂದ. ಹೊಸಬಳು ಬಹಳ ಕಾಲದಿಂದ ಕಾಯುತ್ತಿದ್ದಳು. ನೀವು ಮತ್ತೆ ಸಾಲಿನ ಕೊನೆಗೆ ನಿಲ್ಲಬೇಕು. ಎಷ್ಟು ವರ್ಷವೋ ಹೇಳಲಾರೆ.

ನೀಲಕ್ಕ ಹೋಗಿ ತಮ್ಮ ಪಾತಿಯ ದಾರದ ಈಚೆ ನಿಂತರು. ದಾರ ದಾಟಲಿಲ್ಲ. ಕಲ್ಲು ಆರಿಸಿ, ಜೇಡಿಮಣ್ಣು ಒಡೆದು, ಅಡುಗೆಮನೆಯ ಸಿಪ್ಪೆಯನ್ನೆಲ್ಲ ಹೊತ್ತು ತಂದು ಹಾಕಿ ಅವರು ಹದಮಾಡಿದ ನೆಲ. ಅಷ್ಟು ಹೊತ್ತು ತಮಾಷೆಯೆನ್ನಿಸುತ್ತಿದ್ದ ವಿಷಯ ಆಗ ಹಾಗೆ ಅನ್ನಿಸಲಿಲ್ಲ.

ಅಷ್ಟರಲ್ಲಿ ಒಂದು ಕಾರು ಬಂತು. ಇಳಾಗಿಂತ ಸ್ವಲ್ಪ ದೊಡ್ಡವಳೊಬ್ಬಳು ಇಳಿದು, ಡಿಕ್ಕಿಯಿಂದ ಗೊಬ್ಬರದ ಚೀಲ ಎಳೆದು ತಂದು ಪಾತಿಯ ಪಕ್ಕ ಬಿಚ್ಚಿದಳು. ತಲೆಗೆ ಹೂವಿನ ಸ್ಕಾರ್ಫ್, ಕೈಗೆ ಗುಲಾಬಿ ಗವಸು. ನಮ್ಮತ್ತ ನಕ್ಕು ಹಾಯ್ ಎಂದಳು. ನಾವೂ ಹಾಯ್ ಎಂದೆವು. ನೀಲಕ್ಕ ಚೀಲದೊಳಗೆ ಇಣುಕಿ, ಗಂಡನ ಕಡೆ ತಿರುಗಿ ಮೆಲ್ಲಗೆ ಹೇಳಿದರು.

"ಗೊಬ್ಬರ ಇನ್ನಾ ಹಸೀದೈತ್ರಿ. ಈಗ ಹಾಕಿದ್ರ ಸಸಿ ಸುಟ್ಟ ಹೋಗ್ತಾವ."

ಹುಡುಗಿ ಬಗ್ಗಿದವಳು ಎದ್ದು ನಿಂತಳು. "ಹೌದಾ ಆಂಟಿ? ಅಂಗಡಿಯವ್ನು ಚೆನ್ನಾಗಿದೆ ಅಂದಿದ್ನಲ್ಲ."

ಮೈಸೂರಿನವಳು. ಹೆಸರು ನಸ್ರೀನ್. ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಪುದೀನ, ದಂಟಿನ ಸೊಪ್ಪು ಬೆಳೆಯಲು ಹೋಗಿ ಸೋತು, ಈ ಪಾತಿಗಾಗಿ ಕಾದು ಕೂತವಳು. ಈ ನೆಲ ಯಾರದಾಗಿತ್ತು, ಹೇಗೆ ಹೋಯಿತು ಎಂಬ ಕಥೆಯನ್ನು ಶೇಖರಪ್ಪನವರು ಹೇಳಿದರು. ಮೊದಲು ಅವಳು ನಕ್ಕಳು. ಅವಳಿಗೆ ವಿವರಿಸಬೇಕಾದ್ದೇನೂ ಇರಲಿಲ್ಲ, ಅವಳ ಮನೆಯಲ್ಲಿ ಬಿರಿಯಾನಿಗೂ ಅದೇ ನಿಯಮವಂತೆ. ಆಮೇಲೆ ಗವಸು ಬಿಚ್ಚಿ, "ನೀವೇ ಇಟ್ಕೊಳ್ಳಿ ಆಂಟಿ. ನಂಗೆ ಇನ್ನೊಂದು ಸಿಗತ್ತೆ," ಎಂದಳು.

ಈಗ ನೋಡಿ. ಒಂದೇ ಒಂದು ಹೂಂ ಸಾಕಿತ್ತು. ನೀಲಕ್ಕ ಏನೆಂದರು?

"ಬ್ಯಾಡವ್ವಾ. ನಿನಗ ಸಿಕ್ಕೈತಿ, ನೀನ ಮಾಡ್ಕೋ."

ಇಲ್ಲ ಆಂಟಿ, ನೀವು. ಇಲ್ಲವ್ವಾ, ನೀನು. ನಿಮ್ಮ ಮಣ್ಣು ಆಂಟಿ. ನೀ ಕಾದೀಯವ್ವಾ. ಹೀಗೇ ನಡೆಯಿತು. ತುಂತುರು ಮಳೆ ಶುರುವಾಯಿತು. ಶೇಖರಪ್ಪನವರು ಜಾಕೆಟ್ಟಿನ ಟೋಪಿ ಏರಿಸಿಕೊಂಡರು. ಗ್ಲೆನ್ ನನ್ನ ಪಕ್ಕಕ್ಕೆ ಬಂದು, ಈಗ ಯಾರು ಏನು ಹೇಳುತ್ತಿದ್ದಾರೆ ಎಂದು ಕೇಳಿದ. ಇಬ್ಬರೂ ನೋ ಎನ್ನುತ್ತಿದ್ದಾರೆ ಎಂದೆ. ಇಬ್ಬರಲ್ಲಿ ಯಾರಾದರೂ ನಿಜವಾಗಿ ನೋ ಎನ್ನುತ್ತಿದ್ದಾರೆಯೇ? ಇಬ್ಬರೂ ಅಲ್ಲ. ಇದು ಯಾವಾಗ ಮುಗಿಯುತ್ತದೆ? ಬಸ್ಸು ತಪ್ಪುವ ತನಕ ಇಂಥದ್ದು ನಡೆದದ್ದನ್ನು ನೋಡಿದ್ದೇನೆ ಎಂದೆ.

ಏನೂ ನೆಡದೆ ಬಿಟ್ಟ ಪಾತಿ ಮೂರನೆಯವರಿಗೆ ಹೋಗುತ್ತದೆ ಎಂಬ ನಿಯಮವಿದೆ. ಹಾಗೇ ಬಿಟ್ಟಿದ್ದರೆ ಅದೇ ಆಗುತ್ತಿತ್ತು. ಗ್ಲೆನ್ ಕೋಣೆಗೆ ಹೋಗಿ ದಾರದ ಉಂಡೆಯನ್ನೂ ಎರಡು ಗೂಟಗಳನ್ನೂ ತಂದ. ಪಾತಿಯ ನಟ್ಟನಡುವೆ ಈ ತುದಿಗೊಂದು, ಆ ತುದಿಗೊಂದು ಗೂಟ ಹೊಡೆದ. ದಾರ ಎಳೆದು ಕಟ್ಟಿದ. ನೀಲಾ ಈ ಕಡೆ, ನಸ್ರೀನ್ ಆ ಕಡೆ ಎಂದ. ಯಾರನ್ನೂ ಕೇಳಲಿಲ್ಲ. ಯಾರ ಮುಖವನ್ನೂ ನೋಡಲಿಲ್ಲ.

ಇಬ್ಬರೂ ತಕ್ಷಣ ಸುಮ್ಮನಾದರು. ಇಬ್ಬರ ಮುಖದಲ್ಲೂ ಹಬ್ಬ.

ನನಗೆ ಪಂಕ್ತಿಯ ಊಟಗಳು ನೆನಪಾದವು. ಒಳ್ಳೆಯ ಬಡಿಸುವವನು ಬೇಕೇ ಎಂದು ಕೇಳುವುದೇ ಇಲ್ಲ. ಬಂದು ಹಾಕಿ ಹೋಗುತ್ತಾನೆ. ಗೊಣಗುತ್ತ ತಿನ್ನುವ ಸುಖವೇ ಬೇರೆ. ಇದನ್ನು ಗ್ಲೆನ್‌ಗೆ ಹೇಳಿದೆ. ಸೈನ್ಯದ ಮೆಸ್ಸಿನಲ್ಲೂ ಹಾಗೇ, ಆದರೆ ಊಟ ಚೆನ್ನಾಗಿರಲಿಲ್ಲ ಎಂದ.

ಆ ಬೇಸಿಗೆ ನೀಲಕ್ಕನ ಹಕ್ಕರಕಿ ಎಂದಿನಷ್ಟೇ ಆಯಿತು. ನೆಲ ಅರ್ಧವಾದರೆ ಸೊಪ್ಪೂ ಅರ್ಧವಾಗಬೇಕಲ್ಲವೇ? ಆಗಲಿಲ್ಲ. ದಾರದ ಆಚೆಯೂ ಅದೇ ಸೊಪ್ಪು ಕಾಣುತ್ತಿತ್ತು. ನಸ್ರೀನ್‌ಗೆ ರುಚಿ ಹತ್ತಿತ್ತು. ದಾರದ ಈಚೆ ಪುದೀನ ನುಗ್ಗಿತ್ತು. ಪುದೀನಕ್ಕೆ ದಾರ ಕಾಣುವುದಿಲ್ಲ. ಗ್ಲೆನ್ ದಿನಾ ಬಂದು ಗಡಿ ಪರಿಶೀಲಿಸಿ ತಲೆ ಅಲ್ಲಾಡಿಸಿ ಹೋಗುತ್ತಿದ್ದ.

ಮತ್ತೆ ಅಕ್ಟೋಬರ್ ಬಂತು. ವರ್ಷದ ಕೊನೆಗೆ ಎಲ್ಲರೂ ಒಂದೊಂದು ಅಡುಗೆ ಮಾಡಿ ತಂದು ತೋಟದಲ್ಲೇ ಉಣ್ಣುವುದು ವಾಡಿಕೆ. ಊಟದ ನಡುವೆ ಗ್ಲೆನ್ ಎದ್ದು ನಿಂತು, ಈ ಸಲ ರೀ-ಅಪ್ ಆಗದವನು ನಾನೇ ಎಂದ. ಮೊಣಕಾಲು ಕೇಳುತ್ತಿಲ್ಲ. ಉಸ್ತುವಾರಿ ಸಾಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಥ್ಯಾಂಕ್ಯೂ ಹೇಳಿದರು. ಯಾರೋ ಆಗಲೇ ಮುಂದಿನವರು ಯಾರು ಎಂದು ವಿಚಾರಿಸುತ್ತಿದ್ದರು. ಮನುಷ್ಯ ಬಾಯಿಬಿಟ್ಟು ಹೇಳಿದ್ದಾನೆ, ಅವನ ಮಾತಿಗೆ ಗೌರವ ಕೊಡಬೇಕು. ಇಳಾ ಅಲ್ಲಿದ್ದಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು.

ನೀಲಕ್ಕ ರೊಟ್ಟಿಯ ತಟ್ಟೆ ಹಿಡಿದು ಅವನ ಹತ್ತಿರ ಹೋದರು. ಇನ್ನೊಂದು ವರ್ಷ ಇರು ಎಂದರು. ನೋ ಎಂದ. ಭಾರ ಎತ್ತುವುದು ಬೇಡ, ಕೂತು ಹೇಳು, ನಾವು ಮಾಡುತ್ತೇವೆ ಎಂದರು. ನೋ, ನೀಲಾ, ಎಂದ. ನಾನು ನೀಲಕ್ಕನ ಕಿವಿಯಲ್ಲಿ, ಇಲ್ಲಿಯವರು ನೋ ಎಂದರೆ ನೋ ಎಂದೇ ಅರ್ಥ, ಬಿಟ್ಟುಬಿಡಿ ಎಂದೆ.

"ಸುಮ್ನಿರೋ ತಮ್ಮಾ. ಎಷ್ಟು ಮೆತ್ತಗ ಅಂದ ನೋಡಿದಿಯಿಲ್ಲೋ."

ಮತ್ತೆ ಕೇಳಿದರು. ಈ ಸಲ ಗ್ಲೆನ್ ನೋ ಎನ್ನಲಿಲ್ಲ. ತಟ್ಟೆಯಿಂದ ರೊಟ್ಟಿ ಮುರಿದುಕೊಂಡು, ಎಷ್ಟೋ ಸಲ ಸೈನ್ಯಕ್ಕೆ ರೀ-ಅಪ್ ಆಗಿದ್ದೇನೆ, ಅವರು ಯಾವಾಗಲೂ ಒಂದೇ ಸಲ ಕೇಳುತ್ತಿದ್ದರು ಎಂದ. ಯಾರ ಕಡೆಗೂ ನೋಡದೆ ಹೇಳಿದ.

ಮರುವಾರ ನಾವು ಹೋಗುವ ಹೊತ್ತಿಗೆ ಅವನು ಬಂದು ಗೇಟು ತೆಗೆದಿದ್ದ. ನಸ್ರೀನ್ ಕಾರಿನಿಂದ ಒಂದು ಮಡಚುವ ಕುರ್ಚಿ ತಂದು ಅವನ ಮುಂದೆ ಬಿಡಿಸಿಟ್ಟಳು.

ಬೇಡ ಎಂದ. ಕೂತ.